ಕಾನ್, ವೆನಿಸ್, ಬರ್ಲಿನ್, ಆಸ್ಕರ್: ಯಾವ ಪ್ರಶಸ್ತಿಯ ತೂಕ ಎಷ್ಟು, ಅದನ್ನು ನಿರ್ಧರಿಸುವವರು ಯಾರು?

ತುಂಗಾತೀರ (ಪ್ರಶ್ನೆ)

ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಚಿತ್ರಗಳನ್ನು ತಿಂಗಳಿಗೊಂದರಂತೆ ತೋರಿಸಬೇಕೆಂದು ನಮ್ಮ ಊರಿನ ಚಿತ್ರ ಸಮಾಜ ತೀರ್ಮಾನಿಸಿದೆ. ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದ್ದು, ಎರಡು ವಿಷಯಗಳಲ್ಲಿ ಬಲ್ಲವರ ನೆರವು ಬೇಕಾಗಿದೆ.

ಮೊದಲನೆಯದು, 2024ರಲ್ಲಿ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರಕ್ಕೆ ಕಾನ್ ಚಿತ್ರೋತ್ಸವದ ಎರಡನೆಯ ಅತ್ಯುನ್ನತ ಪ್ರಶಸ್ತಿಯಾದ ಗ್ರ್ಯಾನ್ ಪ್ರಿ ದೊರೆಯಿತು. ಆದರೆ ಅದೇ ವರ್ಷ ಭಾರತದ ಪರವಾಗಿ ಆಸ್ಕರ್‌ಗೆ ಹೋದದ್ದು ‘ಲಾಪತಾ ಲೇಡೀಸ್’. ಒಂದು ಕಡೆ ಅಷ್ಟು ದೊಡ್ಡ ಮನ್ನಣೆ ಪಡೆದ ಚಿತ್ರ ಇನ್ನೊಂದು ಕಡೆಗೆ ಹೋಗಲೇ ಇಲ್ಲವೆಂದರೆ ಈ ಪ್ರಶಸ್ತಿಗಳು ಅಳೆಯುವುದು ಬೇರೆ ಬೇರೆ ಗುಣಗಳನ್ನೇ? ಎರಡನೆಯದು, ‘ಕಾನ್‌ನಲ್ಲಿ ನಮ್ಮ ಚಿತ್ರ’ ಎಂಬ ಸುದ್ದಿಯನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಓದುತ್ತೇವೆ. ಆ ಚಿತ್ರಗಳಲ್ಲಿ ಬಹುಪಾಲು ಪ್ರಶಸ್ತಿ ವಿಜೇತರ ಪಟ್ಟಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಹಳೆಯ ಪ್ರೇಕ್ಷಕ

ತುಂಗಾತೀರ ಅವರೇ, ಮೂಲಭೂತವಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಪ್ರಶಸ್ತಿಯ ಹೆಸರಿಗಿಂತ ಮೊದಲು ಅದನ್ನು ಕೊಡುವವರು ಎಷ್ಟು ಮಂದಿ, ಅವರು ಹೇಗೆ ಒಂದು ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನು ನೋಡಿದರೆ ಗೊಂದಲದ ಅರ್ಧ ಭಾಗ ತಾನಾಗಿಯೇ ಕಳೆಯುತ್ತದೆ.

ಕಾನ್, ವೆನಿಸ್ ಮತ್ತು ಬರ್ಲಿನ್ ಚಿತ್ರೋತ್ಸವಗಳಲ್ಲಿ ನಿರ್ಧಾರ ತೀರ್ಪುಗಾರರ ಸಣ್ಣ ಮಂಡಳಿಯದು. ಕಾನ್‌ನಲ್ಲಿ ಸಾಮಾನ್ಯವಾಗಿ ಅಧ್ಯಕ್ಷರೂ ಸೇರಿ ಒಂಬತ್ತು ಮಂದಿ ಇರುತ್ತಾರೆ. ನಿರ್ದೇಶಕರು, ನಟ ನಟಿಯರು, ಬರಹಗಾರರು ಹೀಗೆ ಬೇರೆ ಬೇರೆ ದೇಶಗಳಿಂದ ಬಂದವರು ಸ್ಪರ್ಧಾ ವಿಭಾಗದ ಇಪ್ಪತ್ತರ ಆಸುಪಾಸಿನ ಚಿತ್ರಗಳನ್ನು ಹನ್ನೆರಡು ದಿನಗಳೊಳಗೆ ನೋಡಿ ಮುಗಿಸಿ, ಕೊನೆಯ ದಿನ ಹೊರಗಿನ ಸಂಪರ್ಕವಿಲ್ಲದಂತೆ ಒಂದೆಡೆ ಕುಳಿತು ಚರ್ಚಿಸಿ ತೀರ್ಮಾನಿಸುತ್ತಾರೆ. ಇಂತಹ ಕೋಣೆಯಲ್ಲಿ ಒಬ್ಬ ಸದಸ್ಯ ತಾನು ಮೆಚ್ಚಿದ ಚಿತ್ರದ ಪರವಾಗಿ ವಾದಿಸಿ ಉಳಿದವರ ಮನಸ್ಸನ್ನು ತಿರುಗಿಸಲು ಸಾಧ್ಯವಿದೆ. ಆದ್ದರಿಂದಲೇ ಬೇರೆಲ್ಲಿಯೂ ಗೆಲ್ಲಲಾರದ ಚಿತ್ರ ಇಲ್ಲಿ ಗೆಲ್ಲುತ್ತದೆ. 1957ರಲ್ಲಿ ರೆನೆ ಕ್ಲೇರ್ ಅಧ್ಯಕ್ಷತೆಯ ಮಂಡಳಿ ವೆನಿಸ್‌ನ ಗೋಲ್ಡನ್ ಲಯನ್ ಪ್ರಶಸ್ತಿಯನ್ನು ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಚಿತ್ರಕ್ಕೆ ಕೊಟ್ಟಿತು; ತವರೂರಾದ ಕೋಲ್ಕತ್ತದಲ್ಲಿ ಆ ಚಿತ್ರಕ್ಕೆ ಜನ ಬಂದಿರಲಿಲ್ಲ. ಈ ಒಂದು ಉದಾಹರಣೆ ಸಾಕು, ಚಿತ್ರೋತ್ಸವಗಳು ಏಕೆ ಬೇಕು ಎಂಬುದನ್ನು ನಾನು ಯಾರಿಗಾದರೂ ವಿವರಿಸಬಲ್ಲೆ.

ಈ ವ್ಯವಸ್ಥೆಗೂ ಕಳಂಕ ಅಂಟಿದ್ದುಂಟು. 1932ರಲ್ಲಿ ಆರಂಭವಾದ ವೆನಿಸ್ ಉತ್ಸವ ಇವೆಲ್ಲವುಗಳಲ್ಲಿ ಹಿರಿಯದು. ಫ್ಯಾಸಿಸ್ಟ್ ಆಡಳಿತದಲ್ಲಿ ಅಲ್ಲಿ ಕೊಡುತ್ತಿದ್ದ ಅತ್ಯುನ್ನತ ಪ್ರಶಸ್ತಿಗೆ ಮುಸೊಲಿನಿಯ ಹೆಸರೇ ಇತ್ತು. 1938ರಲ್ಲಿ ಆ ಪ್ರಶಸ್ತಿ ಬರ್ಲಿನ್ ಒಲಿಂಪಿಕ್ಸ್ ಕುರಿತ ಲೆನಿ ರೀಫೆನ್‌ಸ್ಟಾಲ್ ಅವರ ‘ಒಲಿಂಪಿಯಾ’ಕ್ಕೂ ಒಂದು ಇಟಾಲಿಯನ್ ಚಿತ್ರಕ್ಕೂ ಹೋದಾಗ, ತೀರ್ಪಿನ ಮೇಲೆ ರಾಜಕೀಯದ ಒತ್ತಡ ಬಿದ್ದದ್ದು ಯಾರಿಂದಲೂ ಮುಚ್ಚಿಡಲಾಗಲಿಲ್ಲ. ಬೇಸತ್ತ ಫ್ರೆಂಚರು ತಮ್ಮದೇ ಸ್ವತಂತ್ರ ಉತ್ಸವ ಕಟ್ಟಲು ಹೊರಟರು. ಕಾನ್ ಹುಟ್ಟಿದ್ದು ಹಾಗೆ. 1939ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಬೇಕಿದ್ದ ಉತ್ಸವವನ್ನು ಮಹಾಯುದ್ಧ ನಿಲ್ಲಿಸಿತು. ಮೊದಲ ಪೂರ್ಣ ಉತ್ಸವ ನಡೆದದ್ದು 1946ರಲ್ಲಿ. ಆ ವರ್ಷ ಅತ್ಯುನ್ನತ ಪ್ರಶಸ್ತಿಯನ್ನು ಹನ್ನೊಂದು ಚಿತ್ರಗಳಿಗೆ ಹಂಚಲಾಯಿತು, ಅವುಗಳಲ್ಲಿ ಚೇತನ್ ಆನಂದ್ ಅವರ ‘ನೀಚಾ ನಗರ್’ ಕೂಡ ಒಂದು. ಇಂದು ನಾವು ಹೇಳುವ ಪಾಮ್ ದೋರ್, ಅಂದರೆ ಚಿನ್ನದ ತಾಳೆಗರಿ, 1955ರಲ್ಲಿ ಬಂದದ್ದು. ಬರ್ಲಿನ್ ಉತ್ಸವ 1951ರದು. ಅದರ ಗೋಲ್ಡನ್ ಬೇರ್ ಪ್ರಶಸ್ತಿಯನ್ನು ರಾಯ್ ಅವರ ‘ಅಶನಿ ಸಂಕೇತ್’ 1973ರಲ್ಲಿ ಪಡೆಯಿತು.

ಆಸ್ಕರ್ ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಅಮೆರಿಕದ ಚಿತ್ರೋದ್ಯಮ ತನ್ನನ್ನು ತಾನೇ ಗೌರವಿಸಿಕೊಳ್ಳುವ ಸಮಾರಂಭ. ಪ್ರಚಾರಕ್ಕೆ ಹಣವಿಲ್ಲದ ಚಿತ್ರಕ್ಕೆ ಅಲ್ಲಿ ದಾರಿ ಕಷ್ಟ. ಚಿತ್ರ ಸಮಾಜದ ಪಟ್ಟಿಗೆ ನಾನು ಅದನ್ನು ಮಾನದಂಡವಾಗಿ ಇಟ್ಟುಕೊಳ್ಳುವುದಿಲ್ಲ.

ಸಂಕಲನ

ಹಿರಿಯರ ಮಾತಿನಲ್ಲಿ ಕೊನೆಯ ಭಾಗವನ್ನು ಮಾತ್ರ ನಾನು ಒಪ್ಪಲಾರೆ. ಆಸ್ಕರ್ ಅಮೆರಿಕದ ಉದ್ಯಮದ ಪ್ರಶಸ್ತಿ ಎಂಬುದು ನಿಜ, ಪ್ರಚಾರದ ಖರ್ಚು ಅಲ್ಲಿ ಅತಿಯಾಗಿದೆ ಎಂಬುದೂ ನಿಜ. ಆದರೆ ಆ ಮತದಾನದ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದಕ್ಕೂ ಒಂದು ತರ್ಕವಿದೆ, ಅದು ಗೌರವಿಸಬೇಕಾದ ತರ್ಕ.

ಆಸ್ಕರ್ ಕೊಡುವ ಸಂಸ್ಥೆಯಾದ ಅಕಾಡೆಮಿಯಲ್ಲಿ ಸಾವಿರಾರು ಸದಸ್ಯರಿದ್ದಾರೆ. ನಟನೆ, ಛಾಯಾಗ್ರಹಣ, ಸಂಕಲನ, ಧ್ವನಿ, ವಸ್ತ್ರವಿನ್ಯಾಸ ಹೀಗೆ ವೃತ್ತಿಗೊಂದು ಶಾಖೆ. ನಾಮನಿರ್ದೇಶನದ ಹಂತದಲ್ಲಿ ಸಂಕಲನಕಾರರ ಕೆಲಸವನ್ನು ಸಂಕಲನಕಾರರೇ ತೂಗುತ್ತಾರೆ, ಛಾಯಾಗ್ರಾಹಕರ ಕೆಲಸವನ್ನು ಛಾಯಾಗ್ರಾಹಕರೇ. ಒಂದು ದೃಶ್ಯವನ್ನು ಎಲ್ಲಿ ಕತ್ತರಿಸಬೇಕು ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವವರು ಇನ್ನೊಬ್ಬರ ಕತ್ತರಿಯನ್ನು ಮೆಚ್ಚುವುದಕ್ಕೆ ಬೇರೆಯದೇ ಬೆಲೆಯಿದೆ. ಕಾನ್‌ನ ಒಂಬತ್ತು ಮಂದಿಯಲ್ಲಿ ಸಂಕಲನಕಾರರೊಬ್ಬರು ಇರುವುದು ಅಪರೂಪ.

ಅತ್ಯುತ್ತಮ ಚಿತ್ರದ ಆಯ್ಕೆಗೆ ಹತ್ತು ಚಿತ್ರಗಳು ಅಂತಿಮ ಕಣದಲ್ಲಿರುತ್ತವೆ. ಮತದಾರರು ಒಂದನ್ನು ಆರಿಸಿ ಸುಮ್ಮನಾಗುವುದಿಲ್ಲ, ತಮ್ಮ ಮೆಚ್ಚುಗೆಯ ಕ್ರಮದಲ್ಲಿ ಅವುಗಳನ್ನು ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಯಾವ ಚಿತ್ರಕ್ಕೂ ಅರ್ಧಕ್ಕಿಂತ ಹೆಚ್ಚು ಮೊದಲ ಸ್ಥಾನ ಬಾರದಿದ್ದರೆ, ಅತಿ ಕಡಿಮೆ ಮೊದಲ ಸ್ಥಾನ ಪಡೆದ ಚಿತ್ರವನ್ನು ಕಣದಿಂದ ತೆಗೆದು, ಅದರ ಮತಪತ್ರಗಳನ್ನು ಅವುಗಳಲ್ಲಿ ಎರಡನೆಯದಾಗಿ ಬರೆದಿರುವ ಚಿತ್ರಗಳಿಗೆ ವರ್ಗಾಯಿಸುತ್ತಾರೆ. ಒಂದು ಚಿತ್ರ ಅರ್ಧವನ್ನು ದಾಟುವವರೆಗೂ ಇದೇ ಎಣಿಕೆ ಮುಂದುವರಿಯುತ್ತದೆ. ಹೀಗಾಗಿ ಕೆಲವರಿಗೆ ಪ್ರಾಣಪ್ರಿಯವಾಗಿ ಉಳಿದವರಿಗೆ ಹಿಡಿಸದೆ ಹೋದ ಚಿತ್ರಕ್ಕಿಂತ, ಹೆಚ್ಚಿನವರು ಎರಡನೆಯದಾಗಿಯೋ ಮೂರನೆಯದಾಗಿಯೋ ಬರೆದ ಚಿತ್ರ ಮುಂದೆ ಬರುತ್ತದೆ. ತೀರ್ಪುಗಾರರ ಮಂಡಳಿ ಒಂದು ಸಾಹಸವನ್ನು ಎತ್ತಿ ಹಿಡಿಯಬಲ್ಲದು. ಈ ಮತದಾನ ಬಹುಜನರ ಒಪ್ಪಿಗೆಯನ್ನು ಹುಡುಕುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಸೇರಿದಾಗ ಅದು ನಿಜವಾಗಿಯೂ ವಿಶೇಷ: ‘ಮಾರ್ಟಿ’, ‘ಪ್ಯಾರಸೈಟ್’, ‘ಅನೋರಾ’ ಈ ಮೂರು ಪಾಮ್ ದೋರ್ ಪಡೆದು ಆಸ್ಕರ್‌ನ ಅತ್ಯುತ್ತಮ ಚಿತ್ರವೂ ಆದವು. 2020ರ ಸಮಾರಂಭದಲ್ಲಿ ‘ಪ್ಯಾರಸೈಟ್’ ಗೆದ್ದಾಗ, ಇಂಗ್ಲಿಷೇತರ ಚಿತ್ರವೊಂದು ಆ ಸ್ಥಾನ ತಲುಪಿದ್ದು ಅದೇ ಮೊದಲು.

ಪಾಯಲ್ ಕಪಾಡಿಯಾ ಅವರ ಚಿತ್ರದ ವಿಷಯಕ್ಕೆ ಬಂದರೆ, ಅಲ್ಲಿ ಅಕಾಡೆಮಿಯ ಮತದಾರರು ತಿರಸ್ಕರಿಸಿದ್ದು ಏನೂ ಇಲ್ಲ. ಅಂದಿನ ನಿಯಮದಂತೆ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಒಂದು ದೇಶ ಒಂದೇ ಚಿತ್ರವನ್ನು ಕಳುಹಿಸಬೇಕಿತ್ತು. ನಮ್ಮಲ್ಲಿ ಆ ಆಯ್ಕೆ ಮಾಡುವುದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ನೇಮಿಸುವ ಸಮಿತಿ. ಮೂವತ್ತು ವರ್ಷಗಳ ನಂತರ ಕಾನ್‌ನ ಮುಖ್ಯ ಸ್ಪರ್ಧೆಗೆ ಆಯ್ಕೆಯಾದ ಭಾರತೀಯ ಚಿತ್ರವನ್ನು, ಅದೂ ಗ್ರ್ಯಾನ್ ಪ್ರಿ ಗೆದ್ದ ಮೇಲೆ, ನಾವೇ ಬಿಟ್ಟುಕೊಟ್ಟೆವು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ‘ಲಾಪತಾ ಲೇಡೀಸ್’ ಒಳ್ಳೆಯ ಚಿತ್ರ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಬೆಳ್ಳಿಪರದೆ

ಎರಡನೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಕಾನ್ ಎಂಬ ಒಂದೇ ಹೆಸರಿನಡಿ ಹಲವು ಬಾಗಿಲುಗಳಿವೆ. ಮುಖ್ಯ ಸ್ಪರ್ಧೆ ಒಂದು; ಪಾಮ್ ದೋರ್ ಮತ್ತು ಗ್ರ್ಯಾನ್ ಪ್ರಿ ಎರಡೂ ಅಲ್ಲಿಯವು. ‘ಅನ್ ಸರ್ಟನ್ ರಿಗಾರ್’ ಎಂಬ ಇನ್ನೊಂದು ಅಧಿಕೃತ ವಿಭಾಗಕ್ಕೆ ಬೇರೆಯೇ ತೀರ್ಪುಗಾರರಿದ್ದಾರೆ. 2024ರಲ್ಲಿ ಅನಸೂಯಾ ಸೇನ್‌ಗುಪ್ತಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂದದ್ದು ಆ ವಿಭಾಗದಲ್ಲಿ. ವಿಮರ್ಶಕರ ಸಪ್ತಾಹ ಮತ್ತು ನಿರ್ದೇಶಕರ ವಿಭಾಗಗಳನ್ನು ಪ್ರತ್ಯೇಕ ಸಂಸ್ಥೆಗಳು ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ನಡೆಸುತ್ತವೆ. ಚಿತ್ರಶಾಲೆಗಳ ವಿದ್ಯಾರ್ಥಿಗಳಿಗೆ ‘ಲಾ ಸಿನೆಫ್’ ಸ್ಪರ್ಧೆ ಇದೆ.

ಇವೆಲ್ಲ ಆಯ್ಕೆಯ ಬಾಗಿಲುಗಳು. ಇವುಗಳ ಪಕ್ಕದಲ್ಲಿಯೇ ಚಲನಚಿತ್ರ ಮಾರುಕಟ್ಟೆ ಇದೆ. ಅಲ್ಲಿ ಶುಲ್ಕ ಕಟ್ಟಿ ಒಂದು ಚಿತ್ರಮಂದಿರವನ್ನು ಗೊತ್ತಾದ ಸಮಯಕ್ಕೆ ಕಾಯ್ದಿರಿಸಿಕೊಂಡು ವಿತರಕರಿಗೆ ಚಿತ್ರ ತೋರಿಸಬಹುದು. ವ್ಯಾಪಾರಕ್ಕೆ ಇದು ಅಗತ್ಯವಾದ, ಸಂಪೂರ್ಣ ಗೌರವಯುತವಾದ ವ್ಯವಸ್ಥೆ. ಆದರೆ ಅಲ್ಲಿ ಪ್ರದರ್ಶನವಾದುದನ್ನು ‘ಕಾನ್ ಚಿತ್ರೋತ್ಸವಕ್ಕೆ ಆಯ್ಕೆ’ ಎಂದು ಬರೆದರೆ ಓದುಗರಿಗೆ ಮೋಸವಾಗುತ್ತದೆ, ನಿಜವಾಗಿ ಆಯ್ಕೆಯಾದವರಿಗೂ ಅನ್ಯಾಯವಾಗುತ್ತದೆ. ಸುದ್ದಿಯಲ್ಲಿ ವಿಭಾಗದ ಹೆಸರಿಲ್ಲದಿದ್ದರೆ ಉತ್ಸವದ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಆಯ್ಕೆಯ ಪಟ್ಟಿಯನ್ನು ನೋಡಿ; ಎರಡು ನಿಮಿಷದ ಕೆಲಸ. ಪ್ರವೇಶ ಶುಲ್ಕ ತೆಗೆದುಕೊಂಡು ಬಂದವರಿಗೆಲ್ಲ ಮನ್ನಣೆಯ ಗುರುತಾದ ಎಲೆಗಳ ಲಾಂಛನ ಕೊಡುವ, ತಿಂಗಳಿಗೊಮ್ಮೆ ವಿಜೇತರನ್ನು ಘೋಷಿಸುವ ಆನ್‌ಲೈನ್ ಉತ್ಸವಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕಿರುಚಿತ್ರ ಮಾಡುವ ನಮ್ಮ ಹುಡುಗರು ಕೈಯಿಂದ ದುಡ್ಡು ಹಾಕಿ ಇವಕ್ಕೆ ಕಳುಹಿಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕನ್ನಡಕ್ಕೆ ನಿಜವಾದ ಆಯ್ಕೆಯ ಬಾಗಿಲುಗಳಿಂದಲೇ ಬಂದ ಗೌರವಗಳಿವೆ, ಅವನ್ನು ನಿಮ್ಮ ಪಟ್ಟಿಯಲ್ಲಿ ಧೈರ್ಯವಾಗಿ ಸೇರಿಸಿ. ಮೈಸೂರಿನ ಚಿದಾನಂದ ಎಸ್. ನಾಯ್ಕ ಅವರು ಪುಣೆಯ ಚಿತ್ರಶಾಲೆಯಲ್ಲಿದ್ದಾಗ ಜಾನಪದ ಕಥೆಯೊಂದನ್ನು ಆಧರಿಸಿ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ‘ಲಾ ಸಿನೆಫ್’ ಮೊದಲ ಬಹುಮಾನ ಬಂತು. ರಾಮ್ ರೆಡ್ಡಿ ಅವರ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ, ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಜೊತೆಗೆ ಮೊದಲ ಚಿತ್ರಕ್ಕೆ ಕೊಡುವ ಪ್ರಶಸ್ತಿಯನ್ನೂ ಪಡೆಯಿತು. ಮಂಡ್ಯ ಸೀಮೆಯ ಹಳ್ಳಿಗರೇ ಅದರ ಪಾತ್ರಧಾರಿಗಳು. ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್‌ನ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು, ಅದು ಪ್ರಶಸ್ತಿಯಲ್ಲ, ಆದರೂ ಅದಕ್ಕೆ ಕಡಿಮೆಯದೇನೂ ಅಲ್ಲ.

ತುಂಗಾತೀರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಪ್ರತಿ ಚಿತ್ರದ ಮುಂದೆ ಉತ್ಸವದ ಹೆಸರಿನ ಜೊತೆ ವಿಭಾಗ ಮತ್ತು ವರ್ಷವನ್ನೂ ಬರೆಯಲು ನಿರ್ಧರಿಸಿದ್ದೇನೆ. ‘ಅಪರಾಜಿತೋ’ದಿಂದ ಆರಂಭಿಸಿ ಮರುತಿಂಗಳು ‘ಪ್ಯಾರಸೈಟ್’, ಅದರ ಮುಂದಿನ ತಿಂಗಳು ‘ತಿಥಿ’ ತೋರಿಸಿದರೆ ಮೂರು ಬಗೆಯ ಮನ್ನಣೆಗಳನ್ನು ಸದಸ್ಯರು ಹೋಲಿಸಿ ಚರ್ಚಿಸಬಹುದು. ಆದರೆ ಒಂದು ಸಂದೇಹ: ಪ್ರವೇಶಕ್ಕೆ ಹಣ ಪಡೆಯದಿದ್ದರೂ ಅನುಮತಿ ಬೇಕೇ?

ಹಳೆಯ ಪ್ರೇಕ್ಷಕ

ಬೇಕು. ಟಿಕೆಟ್ ಇರಲಿ ಇಲ್ಲದಿರಲಿ, ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆದುಕೊಳ್ಳಿ. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಅದಕ್ಕೆ ಸಾಲದು. ‘ತಿಥಿ’ಯ ನಿರ್ಮಾಪಕರಿಗೆ ಮೊದಲು ಪತ್ರ ಬರೆಯಿರಿ, ವಿದೇಶಿ ಹಕ್ಕುದಾರರಿಂದ ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಮತ್ತೆ ‘ಸಂಕಲನ’ ಅವರೇ, ನಾಮನಿರ್ದೇಶನದ ಹಂತದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ; ಅಂತಿಮ ಮತದಾನದಲ್ಲಿ ಎಲ್ಲ ಶಾಖೆಯವರೂ ಎಲ್ಲ ವಿಭಾಗಗಳಿಗೂ ಮತ ಹಾಕುವುದರಿಂದ ಪ್ರಚಾರದ ಬಗೆಗಿನ ನನ್ನ ಆಕ್ಷೇಪ ಮಾತ್ರ ಹಾಗೆಯೇ ಉಳಿಯುತ್ತದೆ.