ಸೌದೆ ರಾಶಿಯಲ್ಲಿ ಮಲಗಿದ್ದ ಹಾವು

ದೊಡ್ಡಮ್ಮ, ನಿಮ್ಮ ಮೆಸೇಜ್ ಈಗ ನೋಡಿದೆ. ಬೆಳಿಗ್ಗೆ ಸೌದೆ ರಾಶಿ ಹತ್ತಿರ ಹಾವು ಸುತ್ತಿಕೊಂಡು ಮಲಗಿತ್ತು, ಸದ್ದು ಮಾಡಿದರೂ ಅಲ್ಲಾಡಲಿಲ್ಲ ಅಂದಿದ್ದೀರಿ. ಅದಕ್ಕೆ ಮಾವ, ಚಳಿಗಾಲದಲ್ಲಿ ಹಾವು ಮೂರು ತಿಂಗಳು ನಿದ್ದೆ ಮಾಡುತ್ತದೆ, ಕೋಲಲ್ಲಿ ಎತ್ತಿ ಆಚೆ ಹಾಕಿ ಅಂತ ಬರೆದಿದ್ದಾರೆ. ಮಾವ, ಬೇಜಾರು ಮಾಡ್ಕೋಬೇಡಿ, ಆ ಕೆಲಸ ಮಾತ್ರ ಬೇಡ.

ತಿಂಗಳುಗಟ್ಟಲೆ ಒಳಗೇ ಇರುವುದು ಹಿಮ ಬೀಳುವ ಊರಿನ ಹಾವುಗಳು. ಕೆನಡಾದ ಮ್ಯಾನಿಟೋಬಾದಲ್ಲಿ ನಾರ್ಸಿಸ್ ಅನ್ನುವ ಜಾಗವಿದೆ. ಅಲ್ಲಿ ಗಾರ್ಟರ್ ಹಾವುಗಳು ಸಾವಿರಗಟ್ಟಲೆ ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿಯುತ್ತವೆ. ಮೇಲಿನ ನೆಲ ಹೆಪ್ಪುಗಟ್ಟಿದರೂ ಅಷ್ಟು ಆಳಕ್ಕೆ ಆ ಚಳಿ ಇಳಿಯುವುದಿಲ್ಲ. ಅಲ್ಲೂ ನಮ್ಮ ತರದ ನಿದ್ದೆ ಅಲ್ಲ, ಮೈ ತಣ್ಣಗಾಗಿ ಎಲ್ಲವೂ ನಿಧಾನ ಆಗುತ್ತದೆ ಅಷ್ಟೇ.

ನಮ್ಮ ಕೊಡಗಿನ ಚಳಿಗೆ ನಾವು ನಡುಗಬಹುದು, ನೆಲ ಹೆಪ್ಪುಗಟ್ಟುವುದಿಲ್ಲ ಅಲ್ವಾ? ಹಾಗಾಗಿ ಇಲ್ಲಿನ ಹಾವು ಪೂರ್ತಿ ಅಡಗಿ ಕೂರುವುದಿಲ್ಲ. ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲು ಅದಕ್ಕೆ ಆಗದು. ರಾತ್ರಿ ಇಲಿ ಬಿಲ, ಹುತ್ತ, ಬರೆಯ ಕಲ್ಲಿನ ಸಂದು, ಹೀಗೆ ಎಲ್ಲಾದರೂ ಸೇರಿಕೊಳ್ಳುತ್ತದೆ. ಬಿಲ ತೋಡಿದ್ದು ಇಲಿ, ಹುತ್ತ ಕಟ್ಟಿದ್ದು ಗೆದ್ದಲು, ಇದು ಸುಮ್ನೆ ಬಂದು ಇರುತ್ತದೆ, ಬಾಡಿಗೆಯೂ ಇಲ್ಲ! ಬಿಸಿಲು ಏರಿದಾಗ ಹೊರಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ. ಇಲಿ ನುಂಗಿದ್ದರೆ ಬಿಸಿಲು ಇನ್ನೂ ಜಾಸ್ತಿ ಬೇಕು, ಮೈ ತಣ್ಣಗಿದ್ದರೆ ತಿಂದದ್ದು ಕರಗುವುದಿಲ್ಲ. ಸೌದೆ ರಾಶಿಯಲ್ಲಿ ಒಳಗೆ ಬೆಚ್ಚಗೆ, ಮೇಲೆ ಬಿಸಿಲು, ಅಡಿಯಲ್ಲಿ ಇಲಿ. ಇನ್ನೇನು ಬೇಕು ಅದಕ್ಕೆ?

ನನಗೆ ಭಯ ಇರುವುದು ಕೊಳಕುಮಂಡಲದ ಬಗ್ಗೆ. ಅದು ಎಚ್ಚರ ಇದ್ದಾಗಲೂ ಕದಲದೆ ಬಿದ್ದಿರುತ್ತದೆ, ಹತ್ತಿರ ಹೋದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಚ್ಚುತ್ತದೆ. ಬೆನ್ನ ಮೇಲೆ ಕಂದು ಮಚ್ಚೆಗಳು ಸಾಲಾಗಿ ಇದ್ದವಾ, ನೆನಪು ಮಾಡಿಕೊಳ್ಳಿ. ಕೇರೆ ಹಾವಾಗಿದ್ದರೆ ಅದರ ಪಾಡಿಗೆ ಬಿಟ್ಟುಬಿಡಿ, ಇಲಿ ಕಾಟ ಕಡಿಮೆ ಆಗುತ್ತದೆ.

ಕಾಫಿ ಕುಯ್ಯಲು ಬಂದವರಿಗೂ ಹೇಳಿ, ಕಣದ ಪಕ್ಕದ ಗೋಣಿಚೀಲ ಎತ್ತುವ ಮೊದಲು ಕೋಲಿನಿಂದ ತಟ್ಟಲಿ. ದೇವರ ದಯೆ, ಹಾಗೆ ಆಗದಿರಲಿ, ಯಾರಿಗಾದರೂ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಏನೂ ಬೇಡ. ಕೈಕಾಲು ಅಲ್ಲಾಡಿಸದಂತೆ ಕೂರಿಸಿ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸದ್ಯ ಬಚ್ಚಲ ಒಲೆಗೆ ಆ ರಾಶಿಯ ಸೌದೆ ಮುಟ್ಟಬೇಡಿ. ಹಾವು ಮತ್ತೆ ಕಂಡರೆ ದೂರದಿಂದಲೇ ಫೋಟೋ ತೆಗೆದು ಗ್ರೂಪಿಗೆ ಹಾಕಿ. ಹಾವು ಹಿಡಿಯುವವರನ್ನು ನಾನೇ ವಿಚಾರಿಸಿ ಕಳಿಸುತ್ತೇನೆ.