ರುಮೇನಿಯನ್ 'ಪೆ', ನಮ್ಮ 'ಅನ್ನು': ಇದಕ್ಕೊಂದು ಕನ್ನಡ ಹೆಸರು ಬೇಕು

ನಮಗೆ ಸುಲಭವಾಗಿ ಸಿಗುವ ರುಮೇನಿಯನ್ ಪಾಠಗಳು ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಅವುಗಳಲ್ಲಿ 'ಪೆ' ಅನ್ನುವ ಪುಟ್ಟ ಪದಕ್ಕೆ ಪುಟಗಟ್ಟಲೆ ವಿವರಣೆ ಇರುತ್ತದೆ. ನಮ್ಮ 'ಅನ್ನು' ಹಾಗೆ ಕರ್ಮಪದದ ಗುರುತು ಅದು, ಆದರೆ ಕೆಲವು ಕರ್ಮಪದಗಳಿಗೆ ಮಾತ್ರ ಬರುತ್ತದೆ. ಇಂಗ್ಲಿಷ್‌ನವರಿಗೆ ಅದು ನಿಜಕ್ಕೂ ತಲೆನೋವು. ಕನ್ನಡದವರಿಗೆ ಅಷ್ಟು ಕಷ್ಟವಾಗಬೇಕಿಲ್ಲ, ಯಾಕಂದರೆ ಆ ಲೆಕ್ಕಾಚಾರ ನಮ್ಮ ನಾಲಿಗೆಗೆ ಆಗಲೇ ಗೊತ್ತು. ಆದರೆ ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಅದೇ ನನ್ನ ಪ್ರಶ್ನೆ.

'ವದ್ ಕಾಸಾ' ಅಂದರೆ '(ನಾನು ಆ) ಮನೆ ನೋಡ್ತಿದೀನಿ'. 'ನಾನು' ಬೇಕಿಲ್ಲ, ಕ್ರಿಯಾಪದವೇ ಹೇಳುತ್ತದೆ. ('ಅವರು ನೋಡ್ತಾರೆ' ಅನ್ನುವುದಕ್ಕೂ 'ವದ್' ಎಂದೇ ಬರುತ್ತದೆ, ಅದು ಬೇರೆ ತಂಟೆ.) ನೋಡುತ್ತಿರುವುದು ಮರಿಯಾಳನ್ನು ಅಂತಾದರೆ ಸುಮ್ನೆ 'ವದ್ ಮರಿಯ' ಅನ್ನುವ ಹಾಗಿಲ್ಲ. 'ಒ ವದ್ ಪೆ ಮರಿಯ' ಅನ್ನಬೇಕು ('ಒ' ಏನೆಂದು ಮುಂದೆ ಹೇಳುತ್ತೇನೆ). ಮನೆಗೆ ಬೇಡವಾದ 'ಪೆ' ಮರಿಯಾಳಿಗೆ ಬೇಕೇ ಬೇಕು.

ನಾವೂ ಹಾಗೇ ಅಲ್ವಾ? 'ಮನೆ ನೋಡಿದೆ', 'ಪುಸ್ತಕ ತಂದೆ' ಅನ್ನುತ್ತೇವೆ, 'ಅನ್ನು' ನೆನಪಿಗೂ ಬರುವುದಿಲ್ಲ. 'ಮರಿಯಾ ನೋಡಿದೆ' ಅಂದರೆ ಮಾತ್ರ ಕಿವಿಗೆ ಚುಚ್ಚುತ್ತದೆ. 'ಮರಿಯಾನ ನೋಡಿದೆ' ಅನ್ನಲೇಬೇಕು. ಪ್ರಶ್ನೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 'ಚೆ ಕೌತ್ಸ್?' ಅಂದರೆ 'ಏನು ಹುಡುಕ್ತಿದೀಯ?' 'ಪೆ ಚಿನೆ ಕೌತ್ಸ್?' ಅಂದರೆ 'ಯಾರನ್ನ ಹುಡುಕ್ತಿದೀಯ?' ಅಲ್ಲಿ 'ಪೆ' ಎಲ್ಲಿ ಬಂತೋ ಇಲ್ಲಿ 'ನ್ನ' ಅಲ್ಲೇ ಬಂತು.

ಮನುಷ್ಯರಿಗೆಲ್ಲ 'ಪೆ' ಹಚ್ಚಿದರೆ ಮುಗಿಯಿತು ಅಂದುಕೊಳ್ಳಬೇಡಿ. 'ಕೌತ್ ಉನ್ ಮೆದಿಕ್' ಅಂದರೆ ಡಾಕ್ಟರ್ ಹುಡುಕುತ್ತಿದ್ದೇನೆ, ಯಾರಾದರೂ ಆದೀತು. 'ಇಲ್ ಕೌತ್ ಪೆ ಮೆದಿಕ್' ಅಂದರೆ ಆ ಡಾಕ್ಟರನ್ನೇ ಹುಡುಕುತ್ತಿದ್ದೇನೆ. ನಮ್ಮಲ್ಲಿ ಮದುವೆ ಮಾತು ತೆಗೆದುಕೊಳ್ಳಿ. 'ಮಗನಿಗೆ ಹುಡುಗಿ ನೋಡ್ತಿದಾರೆ' ಅಂದರೆ ಇನ್ನೂ ಯಾರೂ ಗೊತ್ತಾಗಿಲ್ಲ. 'ಹುಡುಗೀನ ನೋಡಿದ್ರು' ಅಂದರೆ ಯಾವಳೋ ಒಬ್ಬಳು ಆಗಲೇ ಮಾತಿನಲ್ಲಿ ಬಂದಿದ್ದಾಳೆ. ಇಂಗ್ಲಿಷ್‌ನಲ್ಲಿ ಈ ಕೆಲಸವನ್ನು ಕರ್ಮಪದಕ್ಕೆ ಅಂಟುವ ಗುರುತು ಮಾಡುವುದಿಲ್ಲ, ಹಾಗಾಗಿ ಅವರ ಪಾಠಗಳು ಬುಡದಿಂದ ಶುರು ಮಾಡಬೇಕಾಗುತ್ತದೆ.

ಪೂರ್ತಿ ಹೊಂದಿಕೆ ಇಲ್ಲ, ಅದನ್ನೂ ಹೇಳಬೇಕು. 'ಪೆ'ಗೆ 'ಮೇಲೆ' ಅನ್ನುವ ಅರ್ಥವೂ ಇದೆ: 'ಪೆ ಮಾಸ' ಅಂದರೆ ಮೇಜಿನ ಮೇಲೆ. ಮೇಲಿನ ವಾಕ್ಯಗಳ 'ಒ', 'ಇಲ್' ಎಂದರೆ 'ಅವಳನ್ನು', 'ಅವನನ್ನು'. ಮರಿಯಾಳ ಹೆಸರು ಹೇಳಿದ ಮೇಲೂ 'ಅವಳನ್ನು' ಬಿಡುವಂತಿಲ್ಲ, ಒಂದೇ ಕರ್ಮಕ್ಕೆ ಎರಡು ಗುರುತು. ಇನ್ನೊಂದು, 'ಆ ಡಾಕ್ಟರ್' ಅನ್ನಲು ಪದದ ಬಾಲಕ್ಕೆ 'ಉಲ್' ಅಂಟಿಸಿ 'ಮೆದಿಕುಲ್' ಅನ್ನುತ್ತಾರೆ. ಆದರೆ 'ಪೆ' ಬಂದು, ಜೊತೆಗೆ ವಿಶೇಷಣ ಇಲ್ಲದಿದ್ದರೆ ಆ ಬಾಲ ಉದುರುತ್ತದೆ. ಜೋಡಿ ಗುರುತು, ಉದುರುವ ಬಾಲ, ಈ ಎರಡರಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ, ಬಾಯಿಪಾಠವೇ ಗತಿ.

ಈಗ ಹೆಸರಿನ ವಿಚಾರ. ಹೀಗೆ ಕೆಲವು ಕರ್ಮಗಳಿಗೆ ಮಾತ್ರ ಗುರುತು ಹಚ್ಚುವುದಕ್ಕೆ ಭಾಷಾವಿಜ್ಞಾನದಲ್ಲಿ 'ಡಿಫರೆನ್ಷಿಯಲ್ ಆಬ್ಜೆಕ್ಟ್ ಮಾರ್ಕಿಂಗ್' ಎನ್ನುತ್ತಾರೆ. 1980ರ ದಶಕದಲ್ಲಿ ಜರ್ಮನಿಯ ಭಾಷಾವಿಜ್ಞಾನಿ ಗೇಯೋರ್ಗ್ ಬೊಸ್ಸೊಂಗ್ ಬಳಕೆಗೆ ತಂದ ಹೆಸರು ಅದು. ಸ್ಪ್ಯಾನಿಷ್‌ನಲ್ಲಿ ಜನರ ಹೆಸರಿಗೆ ಮುಂಚೆ ಬರುವ 'ಆ' ಕೂಡ ಇದೇ ಜಾತಿ. 'ವಿಭೇದಾತ್ಮಕ ಕರ್ಮಾಂಕನ' ಅಂತ ಸಂಸ್ಕೃತದಲ್ಲಿ ಕಟ್ಟಬಹುದು, ಆದರೆ ಕಲಿಯುವವರು ಓಡಿಹೋಗುತ್ತಾರೆ. 'ಆಯ್ದ ಕರ್ಮಗುರುತು' ಹೇಗೆ? ಶಾಲೆಯ ವ್ಯಾಕರಣದಲ್ಲಿ 'ವಿಭಕ್ತಿ ಪಲ್ಲಟ' ಓದಿದ್ದೇವೆ, ಆ ಹೆಸರೇ ಇಲ್ಲಿಗೂ ಸಾಕೇ? ಅದು ಒಂದು ವಿಭಕ್ತಿಯ ಜಾಗಕ್ಕೆ ಇನ್ನೊಂದು ಬರುವುದು. 'ಪುಸ್ತಕ ತಂದೆ'ಯಲ್ಲಿ ಪ್ರಥಮಾ ಬಂತು ಅನ್ನಬೇಕೋ, ದ್ವಿತೀಯಾ ಲೋಪವಾಯಿತು ಅನ್ನಬೇಕೋ? ನನಗೆ ಲೋಪವೇ ಸರಿ ಅನ್ನಿಸುತ್ತದೆ.

ಇನ್ನು ಪ್ರಾಣಿಗಳು. ರುಮೇನಿಯನ್‌ನಲ್ಲಿ ಸಾಮಾನ್ಯವಾಗಿ ನಾಯಿಗೆ 'ಪೆ' ಇಲ್ಲ. ಹೆಸರಿಟ್ಟು ಸಾಕಿದ ನಾಯಿಯಾದರೆ, ಆ ಹೆಸರಿಗೆ ಉಂಟು. ನಮ್ಮ ಕಡೆ 'ಹಸು ಕಟ್ಟು', 'ಹಸೂನ ಕಟ್ಟು' ಎರಡೂ ನಡೆಯುತ್ತವೆ. ಧಾರವಾಡ, ಮಂಗಳೂರು, ಕುಂದಾಪುರದ ಕಡೆಯವರು ಏನನ್ನುತ್ತೀರಿ? ಗೌರಿ ಅಂತ ಹೆಸರಿದ್ದರೆ 'ಗೌರಿ ಕಟ್ಟು' ಅನ್ನುವವರು ಯಾರಾದರೂ ಇದ್ದೀರಾ?