ಚಿಕ್ಕಪ್ಪ ಕಳಿಸಿದ 40 ಸೆಕೆಂಡಿನ ಫಾರ್ವರ್ಡ್

ಚಿಕ್ಕಪ್ಪ: *ಡಾಕ್ಟರ್ ಬರೀ 40 ಸೆಕೆಂಡ್ ಪ್ರೀತಿಯಿಂದ ಮಾತಾಡಿದರೆ ಕ್ಯಾನ್ಸರ್ ರೋಗಿಯ ಅರ್ಧ ಕಾಯಿಲೆ ವಾಸಿ!! ಅಮೆರಿಕದ ಸಂಶೋಧನೆ. ಎಲ್ಲ ಡಾಕ್ಟರಿಗೂ ತಲುಪಿಸಿ* 🙏🙏

ಚಿಕ್ಕಪ್ಪ: ಅಳಿಯಂದಿರು ತಮಗೇ ಹೇಳಿದ್ದು ಅಂದುಕೊಳ್ಳಬಾರದು 😀

ಡಾಕ್ಟರ್ ಭಾವ: ಅಂದುಕೊಂಡಾಯಿತು ಮಾವ. ಆ ಸಂಶೋಧನೆ ನಿಜ, ಅರ್ಧ ಕಾಯಿಲೆ ವಾಸಿ ಅನ್ನೋದು ಸುಳ್ಳು. 1999ರದ್ದು ಅದು, ಜಾನ್ಸ್ ಹಾಪ್‌ಕಿನ್ಸ್‌ನವರು ಮಾಡಿದ್ದು. ಸ್ತನ ಕ್ಯಾನ್ಸರ್ ಆಗಿ ಗುಣವಾದವರು, ಕ್ಯಾನ್ಸರ್ರೇ ಬಾರದವರು ಎಲ್ಲ ಸೇರಿ 200ಕ್ಕೂ ಜಾಸ್ತಿ ಹೆಂಗಸರಿಗೆ ಡಾಕ್ಟರ್ ಮಾತಾಡುವ ವಿಡಿಯೊ ತೋರಿಸಿದರು. ಕೆಲವರಿಗೆ ತೋರಿಸಿದ್ದರಲ್ಲಿ ಸುಮಾರು 40 ಸೆಕೆಂಡ್ ಸಮಾಧಾನದ ಮಾತು ಜಾಸ್ತಿ ಇತ್ತು. ಅವರ ಆತಂಕ ಕಡಿಮೆ ಆಯಿತು. ಗಡ್ಡೆಯೇನೂ ಕರಗಲಿಲ್ಲ.

ಡಾಕ್ಟರ್ ಭಾವ: ಫಾರ್ವರ್ಡ್‌ನಲ್ಲಿ ಬರದ ವಿಷಯ ಇನ್ನೊಂದಿದೆ. ಸಮಾಧಾನದ ವಿಡಿಯೊ ನೋಡಿದವರಿಗೆ ಡಾಕ್ಟರ್ ಕೊಟ್ಟ ಮಾಹಿತಿ ಹೆಚ್ಚೇನೂ ನೆನಪಿರಲಿಲ್ಲ. ಎರಡೂ ಗುಂಪಿನವರಿಗೆ ನೆನಪಿದ್ದದ್ದು ಕಡಿಮೆಯೇ.

ಮೈಸೂರು ಅತ್ತೆ: ಕರಗದಿದ್ದರೆ ಬೇಡ ಬಿಡಪ್ಪ. ಮನುಷ್ಯರ ಹಾಗೆ ಮಾತಾಡೋಕೆ ಅಮೆರಿಕದ ಸರ್ಟಿಫಿಕೇಟ್ ಬೇಕಾ? ಅವತ್ತು ಅತ್ತಿಗೆ ಜೊತೆ ನಾನೂ ಹೋಗಿದ್ದೆ. ಅರ್ಧ ದಿನ ಬೆಂಚಿನ ಮೇಲೆ ಕೂತು ಒಳಗೆ ಹೋದರೆ ಆ ಡಾಕ್ಟರ್ ಫೈಲಿನಿಂದ ತಲೆನೇ ಎತ್ತಲಿಲ್ಲ. ಬಯಾಪ್ಸಿ ರಿಪೋರ್ಟ್ ತಿರುಗಿಸಿ ಅತ್ತಿಗೆ ಮಗನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಇವನು ಹ್ಞೂಂ ಹ್ಞೂಂ ಅಂದ, ಅತ್ತಿಗೆ ಇಬ್ಬರ ಮಧ್ಯೆ ಸೆರಗು ಸರಿ ಮಾಡಿಕೊಳ್ಳುತ್ತಾ ಕೂತಿದ್ದರು. ಅವರೇನು ಕುರ್ಚಿನಾ?

ಡಾಕ್ಟರ್ ಭಾವ: ತಪ್ಪೇ. ಆದರೆ ನನ್ನ ಓಪಿಡಿಯಲ್ಲಿ ನಿನ್ನೆ 70 ಜನ. 2017ರಲ್ಲಿ ಬಿಎಂಜೆ ಓಪನ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂದಿತ್ತು. ನಮ್ಮ ದೇಶದ ಮಾಮೂಲಿ ಕ್ಲಿನಿಕ್‌ನಲ್ಲಿ ಒಬ್ಬ ರೋಗಿಗೆ ಸಿಗೋದು ಸುಮಾರು 2 ನಿಮಿಷ. ಸ್ವೀಡನ್‌ನಲ್ಲಿ 22.

ನಾನು: ಭಾವ, 2 ನಿಮಿಷದಲ್ಲಿ 40 ಸೆಕೆಂಡ್ ಬರಲ್ವಾ?

ಚಿಕ್ಕಪ್ಪ: 😂😂

ಡಾಕ್ಟರ್ ಭಾವ: ಬರುತ್ತೆ. ಒಪ್ಪಿದೆ. ನಾವು ಓದುವಾಗ ಇದನ್ನು ಯಾರೂ ಕಲಿಸಲಿಲ್ಲ. ಎಂಬಿಬಿಎಸ್‌ಗೆ ಏಟ್‌ಕಾಂ ಅಂತ ಬಂದದ್ದೇ 2019ರಲ್ಲಿ. ಧೋರಣೆ, ನೀತಿ, ಸಂವಹನ ಅಂತ ಪಾಠ. ನಮ್ಮ ಕಾಲದಲ್ಲಿ ಸೀನಿಯರ್ ಹೇಗೆ ರೇಗುತ್ತಿದ್ದರೋ ನಾವೂ ಹಾಗೇ ರೇಗುವುದನ್ನು ಕಲಿತೆವು.

ಡಾಕ್ಟರ್ ಭಾವ: ಈಗ ನಾನೊಂದು ಕೇಳಲಾ? ಅವತ್ತು ಆ ಡಾಕ್ಟರ್ ಇಂಗ್ಲಿಷಿನಲ್ಲಿ ಯಾಕೆ ಮಾತಾಡಿದರು?

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ.)

ಅಣ್ಣ: ನಾನೇ ಹೇಳಿದ್ದೆ. ಅಮ್ಮ ಹೊರಗೆ ಕೂತಿದ್ದಾಗ ಒಳಗೆ ಹೋಗಿ ಕೈ ಮುಗಿದೆ. ಅವರ ಎದುರು ಕ್ಯಾನ್ಸರ್ ಅನ್ನಬೇಡಿ ಸರ್ ಅಂದೆ.

ಡಾಕ್ಟರ್ ಭಾವ: ವಾರಕ್ಕೆ ನಾಲ್ಕು ಜನ ನನ್ನ ಹತ್ತಿರವೂ ಹೀಗೇ ಬರುತ್ತಾರೆ. ಎಲ್ಲರೂ ಪ್ರೀತಿಯಿಂದಲೇ. ಕೆಟ್ಟ ಸುದ್ದಿ ಹೇಳುವುದಕ್ಕೆ ಸ್ಪೈಕ್ಸ್ ಅಂತ ಒಂದು ಕ್ರಮ ಇದೆ, 2000ದಲ್ಲಿ ಬಂದದ್ದು, ಆರು ಹೆಜ್ಜೆ. ಎರಡನೆಯದು, ನಿಮಗೆ ಈಗಾಗಲೇ ಏನು ಗೊತ್ತು ಅಂತ ಕೇಳೋದು. ಮೂರನೆಯದು, ಎಷ್ಟು ಗೊತ್ತಾಗಬೇಕು ಅಂತ ಕೇಳೋದು. ರೋಗಿಯನ್ನು ಕೇಳಬೇಕು. ಬೇಡ ಅಂದರೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಆ ಪ್ರಶ್ನೆಗೆ ಮಗನೇ ಉತ್ತರ ಕೊಟ್ಟು ಮುಗಿಸಿರುತ್ತಾನೆ.

ಮೈಸೂರು ಅತ್ತೆ: ಅವನೇನು ತಪ್ಪು ಮಾಡಿದ? ಹೇಳಿದ್ದರೆ ಅತ್ತಿಗೆ ಅವತ್ತೇ ಊಟ ಬಿಡುತ್ತಿದ್ದರು.

ಚಿಕ್ಕಪ್ಪ: ಸಾಕು ಸಾಕು. ಅತ್ತಿಗೆನೂ ಈ ಗುಂಪಿನಲ್ಲಿ ಇದ್ದಾರೆ.

ಮೈಸೂರು ಅತ್ತೆ: ಅವರು ಇದನ್ನು ತೆಗೆಯೋದು ದಿನದ ಪಂಚಾಂಗ ನೋಡೋಕೆ ಮಾತ್ರ.

*ಈ ಸಂದೇಶವನ್ನು ಅಳಿಸಲಾಗಿದೆ*

*ಈ ಸಂದೇಶವನ್ನು ಅಳಿಸಲಾಗಿದೆ*

ದೊಡ್ಡಮ್ಮ: ಅಳಿಸಬೇಡಿ. ಓದಿ ಆಯಿತು.

ದೊಡ್ಡಮ್ಮ: ಉಷ್ಣದ ಗಡ್ಡೆ ಅಂದಿರಿ. ನಾನೂ ನಂಬಿದವಳ ಹಾಗೆ ಮಜ್ಜಿಗೆ ಕುಡಿದೆ ತಲೆಗೆ ಹರಳೆಣ್ಣೆ ಹಚ್ಚಿಕೊಂಡೆ ಆದರೆ ಬೆಂಚಿನ ಎದುರು ಗೋಡೆ ಮೇಲೆ ಕ್ಯಾನ್ಸರ್ ವಿಭಾಗ ಅಂತ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು ನಾನು ಏಳನೇ ಕ್ಲಾಸ್ ಓದಿದ್ದೇನೆ. ನನಗೆ ಗೊತ್ತು ಅಂತ ಇವನಿಗೆ ಗೊತ್ತಾದರೆ ಕುಸಿದುಹೋಗುತ್ತಾನೆ ಅಂತ ನಾನೂ ಸುಮ್ನಿದ್ದೆ.

ಅಣ್ಣ: ಅಮ್ಮಾ

ದೊಡ್ಡಮ್ಮ: ಇರು ಹೇಳಿ ಮುಗಿಸುತ್ತೇನೆ. ಊಟ ಬಿಡಲಿಲ್ಲ. ರಾತ್ರಿ ಕೇಳೋಕೆ ಯಾರೂ ಇರಲಿಲ್ಲ ಅಷ್ಟೇ. ಮೊದಲ ಕೀಮೋ ದಿನ ಒಬ್ಬ ಸಿಸ್ಟರ್ ಇದ್ದಳು. ಚಿಕ್ಕ ಹುಡುಗಿ. ನರ ಸಿಗಲಿಲ್ಲ ಅಂತ ಬಿಸಿನೀರಲ್ಲಿ ಬಟ್ಟೆ ಅದ್ದಿ ನನ್ನ ಕೈಗೆ ಸುತ್ತಿದಳು. ಅಮ್ಮ ಈ ಕೆಂಪು ಔಷಧಿ ಹೋದ ಮೇಲೆ ಮೂತ್ರ ಕೆಂಪಗೆ ಬರುತ್ತದೆ ಅದು ರಕ್ತ ಅಲ್ಲ ಹೆದರಬೇಡಿ ಅಂದಳು. ಎರಡು ಮೂರು ವಾರಕ್ಕೆ ಕೂದಲು ಹೋಗುತ್ತದೆ ಮೊದಲೇ ಗಿಡ್ಡ ಮಾಡಿಸಿಕೊಳ್ಳಿ ಬಾಚಣಿಗೆ ತುಂಬ ಬಂದರೆ ಸಂಕಟ ಆಗುತ್ತದೆ ಅಂದಳು. ನನ್ನ ಮುಖ ನೋಡಿ ಹೇಳಿದಳು. ಪಕ್ಕದಲ್ಲಿ ನೀನೂ ಇದ್ದೆ, ನಿನ್ನ ಕಡೆ ತಿರುಗಲೇ ಇಲ್ಲ.

ದೊಡ್ಡಮ್ಮ: ಅವತ್ತು ರಾತ್ರಿ ಬಚ್ಚಲಿಗೆ ಹೋದೆ. ಕೆಂಪಗೇ ಬಂತು. ಹೋಗಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಡಾಕ್ಟರ್ ಭಾವ: ಅವಳು ಹೇಳಿದ್ದಕ್ಕೆ 40 ಸೆಕೆಂಡೂ ಹಿಡಿದಿರಲ್ಲ. ನಾವಾದರೆ ಅದನ್ನು ಡಿಸ್ಚಾರ್ಜ್ ಹಾಳೆಯ ಹಿಂದೆ ಇಂಗ್ಲಿಷಿನಲ್ಲಿ ಬರೆದು ಕೊಡುತ್ತೇವೆ.

ಚಿಕ್ಕಪ್ಪ: ಅತ್ತಿಗೆ, ಆ ಫಾರ್ವರ್ಡ್ ತೆಗೆದುಬಿಡಲಾ?

ದೊಡ್ಡಮ್ಮ: ಇರಲಿ. ನಾಳಿದ್ದು ನನ್ನ ಚೆಕಪ್ ಇದೆ. ಈ ಸಲ ಒಳಗೆ ಮೊದಲು ನಾನು ಹೋಗುತ್ತೇನೆ, ಕೇಳೋದು ನಾಲ್ಕು ಇದೆ, ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ನೀನು ಬ್ಯಾಗ್ ಹಿಡಿದು ಬೆಂಚಿನ ಮೇಲೆ ಕೂತಿರು.

ಅಣ್ಣ: ಆಯಿತಮ್ಮ

ಮೈಸೂರು ಅತ್ತೆ: ನಾನೂ ಬರಲಾ ಅತ್ತಿಗೆ?

ದೊಡ್ಡಮ್ಮ: ಬಾ. ಒಳಗೆ ಮಾತಾಡಬೇಡ.